ಅವಳಿ ನಕ್ಷತ್ರಗಳ ವಿಕಿರಣ ಮತ್ತು ಅವುಗಳನ್ನು ಸುತ್ತುವ ಗ್ರಹ

ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ವಿದ್ಯಾರ್ಥಿಗಳು, ಶಿಕ್ಷಕರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಯಾದಗಿರಿ ಜಿಲ್ಲೆಯಲ್ಲಿ ಏಪ್ರಿಲ್ ಹಾಗೂ ಮೇ ತಿಂಗಳುಗಳಲ್ಲಿ ಗರಿಷ್ಠ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯವಾಗಿದೆ. ಒಬ್ಬನೇ ಸೂರ್ಯನಿಂದ ಇಷ್ಟು ತಾಪವಾಗುವುದಾದರೆ, ಎರಡು ಸೂರ್ಯರಿರುವ ಗ್ರಹದ ಸ್ಥಿತಿ ಏನು ಎಂಬ ಪ್ರಶ್ನೆಯು ಖಗೋಳ ವಿಜ್ಞಾನದ ಪಾಠಗಳಲ್ಲಿ ವಿದ್ಯಾರ್ಥಿಗಳಿಗೆ ಸಹಜವಾಗಿಯೇ ಮೂಡುತ್ತದೆ. ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ. ಎರಡು ನಕ್ಷತ್ರಗಳನ್ನು ಒಟ್ಟಾಗಿ ಸುತ್ತುವ ಒಂದು ಡಜನ್‌ಗೂ ಹೆಚ್ಚು ಗ್ರಹಗಳನ್ನು 2011ರಿಂದ ಈಚೆಗೆ ಗುರುತಿಸಲಾಗಿದೆ. ಅಂತಹ ಗ್ರಹದ ಮೇಲೆ ಬೀಳುವ ವಿಕಿರಣದ ಪ್ರಮಾಣ, ಅದರ ಏರಿಳಿತ, ಅದರ ಗುಣ ಮತ್ತು ಗ್ರಹದ ಹವಾಮಾನದ ಮೇಲೆ ಅದು ಬೀರುವ ಪರಿಣಾಮಗಳನ್ನು ಈ ಲೇಖನದಲ್ಲಿ ಸರಳವಾಗಿ ವಿವರಿಸಲಾಗಿದೆ. ಈ ವಿಷಯದ ಅಧ್ಯಯನವು ನಮ್ಮ ಭೂಮಿಯ ಹವಾಮಾನವನ್ನು ಅರಿಯಲು ಸಹ ನೆರವಾಗುತ್ತದೆ.

ಅವಳಿ ನಕ್ಷತ್ರ ಎಂದರೇನು?

ಪರಸ್ಪರ ಗುರುತ್ವಾಕರ್ಷಣೆಗೆ ಒಳಪಟ್ಟು, ಒಂದು ಸಾಮಾನ್ಯ ಕೇಂದ್ರದ ಸುತ್ತ ಸುತ್ತುತ್ತಿರುವ ಎರಡು ನಕ್ಷತ್ರಗಳನ್ನು ಅವಳಿ ನಕ್ಷತ್ರ ಅಥವಾ ಯಮಳ ತಾರೆ ಎಂದು ಕರೆಯಲಾಗುತ್ತದೆ. ಸೂರ್ಯನನ್ನು ಹೋಲುವ ನಕ್ಷತ್ರಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ನಕ್ಷತ್ರಗಳಿಗೆ ಒಂದು ಅಥವಾ ಹೆಚ್ಚು ಜೊತೆಗಾರ ನಕ್ಷತ್ರಗಳಿವೆ. ನಮ್ಮ ಸೂರ್ಯನು ಒಂಟಿ ನಕ್ಷತ್ರವಾಗಿದ್ದಾನೆ.

ವಿವಾಹ ಸಂದರ್ಭದಲ್ಲಿ ವಧೂವರರಿಗೆ ತೋರಿಸುವ ವಸಿಷ್ಠ ಮತ್ತು ಅರುಂಧತಿ ನಕ್ಷತ್ರಗಳು ಇದಕ್ಕೆ ಸುಪರಿಚಿತ ಉದಾಹರಣೆಯಾಗಿವೆ. ಸಪ್ತರ್ಷಿ ಮಂಡಲದ ಬಾಲದ ನಡುವೆ ಇರುವ ಈ ಜೋಡಿಯನ್ನು ಬರಿಗಣ್ಣಿನಿಂದ ಕಾಣಬಹುದು. ದೂರದರ್ಶಕದಲ್ಲಿ ನೋಡಿದಾಗ ವಸಿಷ್ಠವೇ ಎರಡು ನಕ್ಷತ್ರಗಳಾಗಿ ಕಾಣುತ್ತದೆ. ಬೆಳಕಿನ ರೋಹಿತವನ್ನು ವಿಶ್ಲೇಷಿಸಿದಾಗ ಆ ಎರಡೂ ತಲಾ ಒಂದು ಜೋಡಿ ಎಂದು ತಿಳಿದುಬಂದಿದೆ. ಅರುಂಧತಿಗೂ ಒಂದು ಮಂದ ಜೊತೆಗಾರ ನಕ್ಷತ್ರವಿರುವುದರಿಂದ, ಕಣ್ಣಿಗೆ ಎರಡಾಗಿ ಕಾಣುವ ಸ್ಥಳದಲ್ಲಿ ವಾಸ್ತವವಾಗಿ ಆರು ನಕ್ಷತ್ರಗಳಿವೆ.

ಒಂದು ಸೂರ್ಯನ ಲೆಕ್ಕ

ಎರಡು ಸೂರ್ಯರ ಪರಿಣಾಮವನ್ನು ಅರಿಯುವ ಮೊದಲು ಒಂದು ಸೂರ್ಯನ ಲೆಕ್ಕವನ್ನು ತಿಳಿಯುವುದು ಅಗತ್ಯ. ಭೂಮಿಯ ವಾಯುಮಂಡಲದ ಹೊರಗೆ, ಸೂರ್ಯನಿಗೆ ಅಭಿಮುಖವಾಗಿರುವ ಪ್ರತಿ ಚದರ ಮೀಟರ್ ಜಾಗಕ್ಕೆ ಸರಾಸರಿ 1361 ವ್ಯಾಟ್ ವಿಕಿರಣ ದೊರೆಯುತ್ತದೆ. ಇದರಲ್ಲಿ ಶೇ. 30ರಷ್ಟು ಮೋಡ, ಹಿಮ ಮತ್ತು ನೆಲದಿಂದ ಪ್ರತಿಫಲನಗೊಂಡು ಹಿಂತಿರುಗುತ್ತದೆ. ಉಳಿದದ್ದನ್ನು ಭೂಮಿಯು ಹೀರಿಕೊಂಡು, ಅಷ್ಟೇ ಶಕ್ತಿಯನ್ನು ಅವಕೆಂಪು ಕಿರಣಗಳ ರೂಪದಲ್ಲಿ ಆಕಾಶಕ್ಕೆ ಮರಳಿಸುತ್ತದೆ. ವಾಯುಮಂಡಲವೇ ಇಲ್ಲದಿದ್ದು ಈ ಲೆಕ್ಕವಷ್ಟೇ ನಡೆದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ನೀರಾವಿ, ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲಗಳು ಶಾಖವನ್ನು ಹಿಡಿದಿಡುವುದರಿಂದ ಅದು ಸುಮಾರು 15 ಡಿಗ್ರಿಯಷ್ಟಿದೆ. ಆದುದರಿಂದ ಗ್ರಹದ ಉಷ್ಣಾಂಶವು ನಕ್ಷತ್ರದ ವಿಕಿರಣ ಮತ್ತು ಗ್ರಹದ ವಾಯುಮಂಡಲ ಇವೆರಡನ್ನೂ ಅವಲಂಬಿಸಿರುತ್ತದೆ.

ಭೂಮಿಯು ಜನವರಿ ಮೊದಲ ವಾರದಲ್ಲಿ ಸೂರ್ಯನಿಗೆ ಅತಿ ಸಮೀಪ, ಅಂದರೆ 14.71 ಕೋಟಿ ಕಿಲೋಮೀಟರ್ ದೂರದಲ್ಲಿಯೂ, ಜುಲೈ ಮೊದಲ ವಾರದಲ್ಲಿ 15.21 ಕೋಟಿ ಕಿಲೋಮೀಟರ್ ದೂರದಲ್ಲಿಯೂ ಇರುತ್ತದೆ. ಇದರಿಂದ ಭೂಮಿಗೆ ದೊರೆಯುವ ವಿಕಿರಣದಲ್ಲಿ ಸುಮಾರು ಶೇ. 7ರಷ್ಟು ವ್ಯತ್ಯಾಸವಾಗುತ್ತದೆ. ಆದರೂ ಜನವರಿಯು ನಮಗೆ ಚಳಿಗಾಲವೇ ಆಗಿದೆ. ಋತುಗಳನ್ನು ನಿರ್ಧರಿಸುವುದು ದೂರವಲ್ಲ, ಕಿರಣಗಳು ಬೀಳುವ ಕೋನ ಮತ್ತು ಹಗಲಿನ ಅವಧಿ. ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಯಾದಗಿರಿಯಲ್ಲಿ ಸೂರ್ಯನು ವರ್ಷಕ್ಕೆ ಎರಡು ಬಾರಿ, ಮೇ ಮೊದಲ ವಾರದ ಕೊನೆಯಲ್ಲಿ ಮತ್ತು ಆಗಸ್ಟ್ ಮೊದಲ ವಾರದಲ್ಲಿ, ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯನ ಎತ್ತರ ಕೇವಲ 50 ಡಿಗ್ರಿಯಷ್ಟಿರುತ್ತದೆ.

ಸೂರ್ಯನ ಈ ಚಲನೆಯನ್ನು ಈ ಭಾಗದ ಜನರು ಬಹು ಪ್ರಾಚೀನ ಕಾಲದಿಂದಲೂ ಗಮನಿಸುತ್ತಿದ್ದರೆಂದು ತಿಳಿಯಲು ಅವಕಾಶವಿದೆ. ಶಹಾಪುರ ಸಮೀಪದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಕಾಲದ ಬಂಡೆಗಳು ನಿಯಮಿತ ಅಂತರದಲ್ಲಿ ಸಾಲು ಸಾಲಾಗಿ ಇವೆ. 19ನೇ ಶತಮಾನದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಇವುಗಳನ್ನು ವಿವರಿಸಿದ್ದರು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಅವರು ಇಂತಹ ಶಿಲಾಸಾಲುಗಳನ್ನು ಅಧ್ಯಯನ ಮಾಡಿ, ಅವು ಸೂರ್ಯನ ಉದಯಾಸ್ತಗಳ ದಿಕ್ಕುಗಳಿಗೆ ಸಂಬಂಧಿಸಿರಬಹುದೆಂದು ಸೂಚಿಸಿದ್ದಾರೆ.

ಗ್ರಹವು ಸುತ್ತುವ ಎರಡು ವಿಧಾನಗಳು

ಅವಳಿ ನಕ್ಷತ್ರ ವ್ಯವಸ್ಥೆಯಲ್ಲಿ ಗ್ರಹವೊಂದು ದೀರ್ಘಕಾಲ ಸ್ಥಿರವಾಗಿ ಉಳಿಯಲು ಮುಖ್ಯವಾಗಿ ಎರಡು ಮಾರ್ಗಗಳಿವೆ.

1. ಎರಡು ನಕ್ಷತ್ರಗಳು ಪರಸ್ಪರ ಬಹು ದೂರದಲ್ಲಿದ್ದು, ಗ್ರಹವು ಅವುಗಳಲ್ಲಿ ಒಂದನ್ನು ಮಾತ್ರ ಸುತ್ತುವುದು.

2. ಎರಡು ನಕ್ಷತ್ರಗಳು ಪರಸ್ಪರ ಸಮೀಪದಲ್ಲಿದ್ದು, ಗ್ರಹವು ಹೊರಗಿನಿಂದ ಎರಡನ್ನೂ ಒಟ್ಟಾಗಿ ಸುತ್ತುವುದು. ಈ ವಿಧಾನದಲ್ಲಿ ಗ್ರಹದ ದೂರವು ನಕ್ಷತ್ರಗಳ ನಡುವಿನ ಅಂತರದ ಸುಮಾರು ಎರಡರಿಂದ ನಾಲ್ಕು ಪಟ್ಟಿಗಿಂತ ಹೆಚ್ಚಿರಬೇಕಾಗುತ್ತದೆ. ಅದಕ್ಕಿಂತ ಸಮೀಪಕ್ಕೆ ಬಂದ ಗ್ರಹವು ಕಕ್ಷೆ ತಪ್ಪಿ ಹೊರಗೆ ಎಸೆಯಲ್ಪಡುವ ಅಥವಾ ನಕ್ಷತ್ರಕ್ಕೆ ಬೀಳುವ ಸಂಭವವಿರುತ್ತದೆ.

ಮೊದಲ ವಿಧಕ್ಕೆ ಆಲ್ಫಾ ಸೆಂಟಾರಿಯನ್ನು ಉದಾಹರಿಸಬಹುದು. ಸುಮಾರು 4.4 ಜ್ಯೋತಿರ್ವರ್ಷ ದೂರದ ಈ ಜೋಡಿಯ ನಕ್ಷತ್ರಗಳು ಸುಮಾರು 80 ವರ್ಷಗಳಿಗೊಮ್ಮೆ ಪರಸ್ಪರ ಸುತ್ತುತ್ತವೆ. ಅವುಗಳ ನಡುವಿನ ಅಂತರವು ಭೂಮಿ ಮತ್ತು ಸೂರ್ಯರ ಅಂತರದ 11 ಪಟ್ಟಿನಿಂದ 35 ಪಟ್ಟಿನವರೆಗೆ ಬದಲಾಗುತ್ತದೆ. ಹೆಚ್ಚು ಪ್ರಕಾಶವುಳ್ಳ ನಕ್ಷತ್ರವನ್ನು ಭೂಮಿಯಂತಹ ಗ್ರಹವೊಂದು ಸುತ್ತುತ್ತಿದ್ದಲ್ಲಿ, ಎರಡನೆಯ ಸೂರ್ಯನಿಂದ ಅದಕ್ಕೆ ದೊರೆಯುವ ವಿಕಿರಣವು ಒಟ್ಟು ವಿಕಿರಣದ ಶೇ. 1ಕ್ಕಿಂತಲೂ ಕಡಿಮೆ ಇರುತ್ತದೆ. ಆದರೆ ಕಣ್ಣಿಗೆ ಅದು ಅಲ್ಪವಲ್ಲ. ಆ ಎರಡನೆಯ ಸೂರ್ಯನು ಹುಣ್ಣಿಮೆಯ ಚಂದ್ರನಿಗಿಂತ ನೂರಾರು ಪಟ್ಟು ಪ್ರಕಾಶಮಾನವಾಗಿರುತ್ತಾನೆ. ವರ್ಷದ ಕೆಲವು ತಿಂಗಳು ಆ ಗ್ರಹದಲ್ಲಿ ಕತ್ತಲೆಯ ರಾತ್ರಿಯೇ ಇರಲಾರದು. ಉಷ್ಣಾಂಶ ಬದಲಾಗದಿದ್ದರೂ ಹಗಲು ರಾತ್ರಿಗಳ ಕ್ರಮ ಬದಲಾಗುವುದು ಇಲ್ಲಿನ ವಿಶೇಷವಾಗಿದೆ. 2025ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ವೀಕ್ಷಣೆಗಳಿಂದ ಈ ನಕ್ಷತ್ರದ ಸುತ್ತ ಅನಿಲರೂಪದ ದೈತ್ಯ ಗ್ರಹವೊಂದು ಇರಬಹುದೆಂಬ ಸೂಚನೆ ದೊರೆತಿದೆ.

ಎರಡನೆಯ ವಿಧದಲ್ಲಿ ಎರಡೂ ನಕ್ಷತ್ರಗಳ ವಿಕಿರಣವು ಗ್ರಹದ ಮೇಲೆ ನೇರ ಪರಿಣಾಮ ಬೀರುತ್ತದೆ. ಆ ಪರಿಣಾಮಗಳನ್ನು ನಾಲ್ಕು ಶೀರ್ಷಿಕೆಗಳಡಿ ಕೆಳಗೆ ವಿವರಿಸಲಾಗಿದೆ.

ಅ) ವಿಕಿರಣದ ಪ್ರಮಾಣ

ಗ್ರಹಕ್ಕೆ ದೊರೆಯುವ ವಿಕಿರಣವು ನಕ್ಷತ್ರದ ಪ್ರಕಾಶ ಹೆಚ್ಚಿದಂತೆ ಹೆಚ್ಚುತ್ತದೆ ಮತ್ತು ದೂರದ ವರ್ಗಕ್ಕೆ ಅನುಗುಣವಾಗಿ ಕಡಿಮೆಯಾಗುತ್ತದೆ. ದೂರವು ಇಮ್ಮಡಿಯಾದರೆ ವಿಕಿರಣವು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಎರಡು ನಕ್ಷತ್ರಗಳಿದ್ದಲ್ಲಿ ಎರಡರ ಲೆಕ್ಕವನ್ನೂ ಕೂಡಿಸಬೇಕು. ಆದ್ದರಿಂದ ಸೂರ್ಯರು ಎರಡಾದ ಮಾತ್ರಕ್ಕೆ ತಾಪವು ಎರಡು ಪಟ್ಟಾಗುತ್ತದೆ ಎಂಬುದು ಸರಿಯಲ್ಲ.

ಒಂದು ಉದಾಹರಣೆಯನ್ನು ಗಮನಿಸಬಹುದು. ನಮ್ಮ ಸೂರ್ಯನಂತಹ ಎರಡು ನಕ್ಷತ್ರಗಳು ಪರಸ್ಪರ 3 ಕೋಟಿ ಕಿಲೋಮೀಟರ್ ಅಂತರದಲ್ಲಿವೆ ಎಂದು ಭಾವಿಸೋಣ. ಅವು ಸುಮಾರು 23 ದಿನಗಳಿಗೊಮ್ಮೆ ಪರಸ್ಪರ ಸುತ್ತುತ್ತವೆ. ಭೂಮಿಯು ಅವುಗಳಿಂದ 15 ಕೋಟಿ ಕಿಲೋಮೀಟರ್ ಬದಲಾಗಿ 21.2 ಕೋಟಿ ಕಿಲೋಮೀಟರ್ ದೂರದಲ್ಲಿದ್ದರೆ, ಅದಕ್ಕೆ ಇಂದು ದೊರೆಯುವಷ್ಟೇ ವಿಕಿರಣ ದೊರೆಯುತ್ತದೆ. ಅಲ್ಲಿ ಒಂದು ವರ್ಷವು ಸುಮಾರು 434 ದಿನಗಳಾಗುತ್ತದೆ. ನೀರು ದ್ರವರೂಪದಲ್ಲಿ ಉಳಿಯಬಹುದಾದ ದೂರದ ವ್ಯಾಪ್ತಿಯನ್ನು ವಿಜ್ಞಾನಿಗಳು ವಾಸಯೋಗ್ಯ ವಲಯ ಎಂದು ಕರೆಯುತ್ತಾರೆ. ಎರಡು ಸೂರ್ಯರಿದ್ದಾಗ ಈ ವಲಯವು ನಾಶವಾಗುವುದಿಲ್ಲ, ಹೊರಕ್ಕೆ ಸರಿಯುತ್ತದೆ.

ಆ) ವಿಕಿರಣದ ಏರಿಳಿತ

ನಕ್ಷತ್ರಗಳು ಸುತ್ತುತ್ತಿರುವುದರಿಂದ ಗ್ರಹಕ್ಕೆ ಅವುಗಳ ದೂರ ಸದಾ ಬದಲಾಗುತ್ತಿರುತ್ತದೆ. ಮೇಲಿನ ಉದಾಹರಣೆಯಲ್ಲಿ ಈ ಕಾರಣದಿಂದ ಆಗುವ ವ್ಯತ್ಯಾಸ ಸುಮಾರು ಶೇ. 2 ಮಾತ್ರ. ಇದು ಜನವರಿ ಮತ್ತು ಜುಲೈಗಳ ನಡುವೆ ಭೂಮಿಯು ಅನುಭವಿಸುವ ಶೇ. 7ರ ವ್ಯತ್ಯಾಸಕ್ಕಿಂತಲೂ ಕಡಿಮೆ ಎಂಬುದು ಗಮನಾರ್ಹ.

ಗ್ರಹವು ನಕ್ಷತ್ರಗಳು ಸುತ್ತುವ ಸಮತಲದಲ್ಲಿಯೇ ಇದ್ದರೆ, ಸುಮಾರು 12 ದಿನಗಳಿಗೊಮ್ಮೆ ಒಂದು ಸೂರ್ಯನು ಇನ್ನೊಂದನ್ನು ಮರೆಮಾಡುತ್ತಾನೆ. ಈ ಗ್ರಹಣವು ಸುಮಾರು 8 ಗಂಟೆಗಳ ಕಾಲ ನಡೆದು, ಮಧ್ಯಕಾಲದಲ್ಲಿ ವಿಕಿರಣವು ಅರ್ಧದಷ್ಟಕ್ಕೆ ಸಮೀಪಿಸುತ್ತದೆ. ಇದು ದೊಡ್ಡ ಇಳಿಕೆಯಂತೆ ತೋರಿದರೂ, ಪ್ರತಿ ರಾತ್ರಿ ಸೂರ್ಯನನ್ನು ಸಂಪೂರ್ಣವಾಗಿ ಕಳೆದುಕೊಳ್ಳುವ ಭೂಮಿಗೆ ಹೋಲಿಸಿದರೆ ಅಲ್ಪವಾದುದೇ ಆಗಿದೆ. ವಾಯುಮಂಡಲ ಮತ್ತು ಸಾಗರಗಳು ಶಾಖವನ್ನು ಸಂಗ್ರಹಿಸಿ ನಿಧಾನವಾಗಿ ಬಿಡುವುದರಿಂದ ಇಂತಹ ಅಲ್ಪಾವಧಿಯ ಏರಿಳಿತಗಳು ಶಮನಗೊಳ್ಳುತ್ತವೆ. ಬೇಸಿಗೆಯಲ್ಲಿ ಬರಿಯ ಬಂಡೆಯು ಮಧ್ಯಾಹ್ನ ಕಾದು ರಾತ್ರಿ ತಣ್ಣಗಾಗುವ ವೇಗಕ್ಕೂ, ಕೆರೆಯ ನೀರು ಕಾದು ತಣ್ಣಗಾಗುವ ವೇಗಕ್ಕೂ ಇರುವ ವ್ಯತ್ಯಾಸದಿಂದ ಇದನ್ನು ತಿಳಿಯಬಹುದು.

ಇಂತಹ ಗ್ರಹದ ಆಕಾಶದಲ್ಲಿ ಇಬ್ಬರು ಸೂರ್ಯರು ಪರಸ್ಪರ 8 ಡಿಗ್ರಿಯವರೆಗೆ ದೂರ ಸರಿಯುತ್ತಾರೆ. ದಿನವು 24 ಗಂಟೆಗಳದ್ದಾಗಿದ್ದರೆ, ಎರಡು ಸೂರ್ಯೋದಯಗಳ ನಡುವೆ ಸುಮಾರು ಅರ್ಧ ಗಂಟೆಯವರೆಗೆ ಅಂತರವಿರುತ್ತದೆ. ವಿಭೂತಿಹಳ್ಳಿಯಂತಹ ಶಿಲಾಸಾಲುಗಳನ್ನು ಅಲ್ಲಿ ನಿಲ್ಲಿಸುವುದಾದರೆ ಒಂದೇ ಸೂರ್ಯೋದಯದ ದಿಕ್ಕನ್ನು ಗುರುತಿಸಿ ಋತುವನ್ನು ಹೇಳಲು ಸಾಧ್ಯವಾಗದು. ಇಬ್ಬರು ಸೂರ್ಯರ ಮಧ್ಯಬಿಂದುವನ್ನು ಲೆಕ್ಕ ಹಾಕಬೇಕಾಗುತ್ತದೆ.

ಇ) ವಿಕಿರಣದ ಗುಣ

ವಿಕಿರಣದ ಪ್ರಮಾಣದಷ್ಟೇ ಅದರ ತರಂಗಾಂತರವೂ ಮುಖ್ಯ. ಹೆಚ್ಚು ಬಿಸಿಯಾದ ನಕ್ಷತ್ರವು ನೀಲಿ ಮತ್ತು ಅತಿನೇರಳೆ ಕಿರಣಗಳನ್ನು ಅಧಿಕವಾಗಿ ಸೂಸುತ್ತದೆ. ಕಡಿಮೆ ಬಿಸಿಯ ಕೆಂಪು ಕುಬ್ಜ ನಕ್ಷತ್ರವು ಬಹುಪಾಲು ಅವಕೆಂಪು ಕಿರಣಗಳನ್ನು ಸೂಸುತ್ತದೆ. ಹಿಮವು ಗೋಚರ ಬೆಳಕನ್ನು ಪ್ರತಿಫಲಿಸುತ್ತದೆ, ಆದರೆ ಅವಕೆಂಪು ಕಿರಣಗಳನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಕೆಂಪು ನಕ್ಷತ್ರದ ಗ್ರಹವು ಹಿಮಗಟ್ಟುವುದು ನಿಧಾನ. ಜೋಡಿಯಲ್ಲಿ ಒಂದು ಬಿಸಿ ನಕ್ಷತ್ರವೂ ಮತ್ತೊಂದು ಕೆಂಪು ಕುಬ್ಜವೂ ಇದ್ದಲ್ಲಿ, ಬೆಳಕಿನ ಮಿಶ್ರಣವು ಗ್ರಹಣದ ಸಮಯದಲ್ಲಿ ಬದಲಾಗುತ್ತದೆ.

ಅತಿನೇರಳೆ ಕಿರಣಗಳು ಜೀವಕೋಶಗಳಿಗೆ ಹಾನಿಕಾರಕ. ಭೂಮಿಯಲ್ಲಿ ಮುಖ್ಯವಾಗಿ 15ರಿಂದ 35 ಕಿಲೋಮೀಟರ್ ಎತ್ತರದಲ್ಲಿರುವ ಓಝೋನ್ ಪದರವು ಇವುಗಳ ಅತ್ಯಂತ ಅಪಾಯಕಾರಿ ಭಾಗವನ್ನು ಸಂಪೂರ್ಣವಾಗಿ ತಡೆಯುತ್ತದೆ. ಇಂತಹ ರಕ್ಷಾಕವಚವಿಲ್ಲದ ಗ್ರಹದಲ್ಲಿ ಉಷ್ಣಾಂಶವು ಹಿತಕರವಾಗಿದ್ದರೂ ನೆಲದ ಮೇಲಿನ ಜೀವಕ್ಕೆ ಅಪಾಯವಿರುತ್ತದೆ.

ಈ) ನಕ್ಷತ್ರಗಳ ಕಾಂತೀಯ ಚಟುವಟಿಕೆ

ಅತಿ ಸಮೀಪದಲ್ಲಿರುವ ಎರಡು ನಕ್ಷತ್ರಗಳು ಪರಸ್ಪರ ಸೆಳೆತದಿಂದಾಗಿ ತಮ್ಮ ಅಕ್ಷದ ಸುತ್ತಲಿನ ತಿರುಗುವಿಕೆಯನ್ನು ಕಕ್ಷೆಯ ಅವಧಿಗೆ ಹೊಂದಿಸಿಕೊಳ್ಳುತ್ತವೆ. ಕಕ್ಷೆಯ ಅವಧಿಯು ಕೆಲವೇ ದಿನಗಳದ್ದಾದರೆ ನಕ್ಷತ್ರಗಳು ವೇಗವಾಗಿ ತಿರುಗಿ, ಪ್ರಬಲ ಜ್ವಾಲೆಗಳನ್ನೂ ಕ್ಷ-ಕಿರಣಗಳನ್ನೂ ಸೂಸುತ್ತವೆ. ನಕ್ಷತ್ರದಿಂದ ಹೊಮ್ಮುವ ಕಣಗಳ ಪ್ರವಾಹವು ಗ್ರಹದ ವಾಯುಮಂಡಲವನ್ನು ಕ್ರಮೇಣ ಸವೆಸಬಹುದು. ಇದಕ್ಕೆ ವಿರುದ್ಧವಾಗಿ, ಕಕ್ಷೆಯ ಅವಧಿಯು ಹೆಚ್ಚು ದಿನಗಳದ್ದಾದರೆ ತರುಣ ನಕ್ಷತ್ರಗಳ ತಿರುಗುವಿಕೆ ಬೇಗನೆ ನಿಧಾನಗೊಂಡು ಅವು ಶಾಂತವಾಗುತ್ತವೆ. ಇಂತಹ ಜೋಡಿಯು ಒಂಟಿ ನಕ್ಷತ್ರಕ್ಕಿಂತಲೂ ಗ್ರಹಕ್ಕೆ ಹಿತಕರವಾಗಿರಬಹುದೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೂಚಿಸಿದೆ.

ನಮ್ಮ ಸೂರ್ಯನ ಇಂತಹ ಚಟುವಟಿಕೆಯನ್ನು ಅಭ್ಯಸಿಸಲು 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯನ್ನು ಉಡಾವಣೆ ಮಾಡಲಾಯಿತು. ಅದರ ಪ್ರಮುಖ ಉಪಕರಣವಾದ ಕರೋನಾ ವೀಕ್ಷಕವನ್ನು ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ನಿರ್ಮಿಸಿದೆ.

ಪತ್ತೆಯಾಗಿರುವ ಕೆಲವು ಗ್ರಹಗಳು

1. ಕೆಪ್ಲರ್-16ಬಿ: 2011ರಲ್ಲಿ ಪ್ರಕಟಿಸಲಾಯಿತು. ನಕ್ಷತ್ರಗಳು 41 ದಿನಗಳಿಗೊಮ್ಮೆ ಪರಸ್ಪರ ಸುತ್ತುತ್ತವೆ. ಗ್ರಹದ ವರ್ಷ 229 ದಿನಗಳು. ಎರಡೂ ನಕ್ಷತ್ರಗಳು ಸೂರ್ಯನಿಗಿಂತ ಮಂದವಾಗಿರುವುದರಿಂದ, ಗ್ರಹಕ್ಕೆ ಭೂಮಿಗೆ ದೊರೆಯುವುದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ವಿಕಿರಣ ದೊರೆಯುತ್ತದೆ. ಎರಡು ಸೂರ್ಯರಿದ್ದರೂ ಇದು ಸೊನ್ನೆಗಿಂತ 70 ಡಿಗ್ರಿಗೂ ಹೆಚ್ಚು ಕೆಳಗಿನ ಶೀತ ಗ್ರಹವಾಗಿದೆ ಎಂದು ಅಂದಾಜಿಸಲಾಗಿದೆ.

2. ಕೆಪ್ಲರ್-34ಬಿ: 2012ರಲ್ಲಿ ಪ್ರಕಟಿಸಲಾಯಿತು. ಸೂರ್ಯನನ್ನು ಹೋಲುವ ಎರಡು ನಕ್ಷತ್ರಗಳು 28 ದಿನಗಳಿಗೊಮ್ಮೆ ದೀರ್ಘವೃತ್ತಾಕಾರದ ಕಕ್ಷೆಯಲ್ಲಿ ಸುತ್ತುತ್ತವೆ. ಗ್ರಹದ ವರ್ಷ 289 ದಿನಗಳು. ಇಲ್ಲಿ ವಿಕಿರಣದ ಏರಿಳಿತವು ಅಧಿಕವಾಗಿದೆ.

3. ಕೆಪ್ಲರ್-47: 2012ರಲ್ಲಿ ಎರಡು ಗ್ರಹಗಳನ್ನೂ, 2019ರಲ್ಲಿ ಮೂರನೆಯದನ್ನೂ ಪ್ರಕಟಿಸಲಾಯಿತು. 303 ದಿನಗಳ ವರ್ಷವುಳ್ಳ ಇದರ ಒಂದು ಗ್ರಹವು ವಾಸಯೋಗ್ಯ ವಲಯದಲ್ಲಿದ್ದರೂ, ಭೂಮಿಗಿಂತ ಬಹಳ ದೊಡ್ಡದಾಗಿರುವುದರಿಂದ ಅದಕ್ಕೆ ಗಟ್ಟಿಯಾದ ನೆಲವಿರುವ ಸಂಭವ ಕಡಿಮೆ.

4. ಟಿಒಐ-1338ಬಿ: 2020ರಲ್ಲಿ ಪ್ರಕಟಿಸಲಾಯಿತು. ಸುಮಾರು 1300 ಜ್ಯೋತಿರ್ವರ್ಷ ದೂರದಲ್ಲಿದೆ. ಇದರ ಮೊದಲ ಸುಳಿವನ್ನು 2019ರಲ್ಲಿ ನಾಸಾ ಕೇಂದ್ರದಲ್ಲಿ ತರಬೇತಿ ಪಡೆಯುತ್ತಿದ್ದ ವುಲ್ಫ್ ಕ್ಯೂಕಿಯರ್ ಎಂಬ 17 ವರ್ಷದ ಪ್ರೌಢಶಾಲಾ ವಿದ್ಯಾರ್ಥಿಯು ಗುರುತಿಸಿದನೆಂಬುದು ವಿದ್ಯಾರ್ಥಿಗಳಿಗೆ ಪ್ರೇರಣೆಯಾಗಬಲ್ಲದು.

ದಕ್ಷಿಣ ಭಾರತದ ವೀಕ್ಷಣೆಗಳು

ಈ ವಿಷಯದ ಇತಿಹಾಸದಲ್ಲಿ ದಕ್ಷಿಣ ಭಾರತಕ್ಕೆ ಗಮನಾರ್ಹ ಸ್ಥಾನವಿದೆ. ಆಲ್ಫಾ ಸೆಂಟಾರಿಯು ಒಂದಲ್ಲ, ಎರಡು ನಕ್ಷತ್ರಗಳು ಎಂಬುದನ್ನು 1689ರಲ್ಲಿ ಪುದುಚೇರಿಯಲ್ಲಿ ಧೂಮಕೇತುವೊಂದನ್ನು ವೀಕ್ಷಿಸುತ್ತಿದ್ದ ಪಾದ್ರಿ ಜೀನ್ ರಿಶೋ ಕಂಡುಕೊಂಡರು. 1855ರಲ್ಲಿ ಮದ್ರಾಸ್ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಡಬ್ಲ್ಯೂ. ಎಸ್. ಜೇಕಬ್ ಅವರು ಉರಗಧರ ನಕ್ಷತ್ರಪುಂಜದ 70ನೇ ಸಂಖ್ಯೆಯ ಅವಳಿ ನಕ್ಷತ್ರದ ಚಲನೆಯಲ್ಲಿ ವ್ಯತ್ಯಾಸವನ್ನು ಗಮನಿಸಿ, ಅಲ್ಲಿ ಗ್ರಹವೊಂದು ಇರಬಹುದೆಂದು ಪ್ರಕಟಿಸಿದರು. ನಂತರದ ಅಧ್ಯಯನಗಳು ಇದನ್ನು ದೃಢಪಡಿಸಲಿಲ್ಲ. ಆದರೂ ಅವಳಿ ನಕ್ಷತ್ರದಲ್ಲಿ ಗ್ರಹವನ್ನು ಅರಸುವ ಪ್ರಯತ್ನವು ನಮ್ಮ ದೇಶದಿಂದಲೇ ಇಷ್ಟು ಮುಂಚೆ ನಡೆದಿತ್ತು ಎಂಬುದು ಉಲ್ಲೇಖಾರ್ಹ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಇದೇ ಮದ್ರಾಸ್ ವೀಕ್ಷಣಾಲಯದ ಪರಂಪರೆಗೆ ಸೇರಿದೆ.

ಭೂಮಿಗೆ ಇದರಿಂದ ತಿಳಿಯುವ ಪಾಠ

ಕೆಪ್ಲರ್-35 ಎಂಬ ಅವಳಿ ನಕ್ಷತ್ರದ ಸುತ್ತ ನೀರಿನಿಂದ ಆವೃತವಾದ ಭೂಮಿಯಂತಹ ಗ್ರಹವಿದ್ದರೆ ಏನಾಗಬಹುದೆಂದು ಮ್ಯಾಕ್ಸ್ ಪಾಪ್ ಮತ್ತು ಸೀಗ್‌ಫ್ರೀಡ್ ಎಗ್ಲ್ ಎಂಬ ವಿಜ್ಞಾನಿಗಳು ಗಣಕಯಂತ್ರದ ಮಾದರಿಯಿಂದ ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. ವಾಸಯೋಗ್ಯ ವಲಯದ ಒಳ ಅಂಚಿನಲ್ಲಿ, ವಾಯುಮಂಡಲದಲ್ಲಿ ನೀರಾವಿ ಹೆಚ್ಚಿರುವುದರಿಂದ ಗ್ರಹದ ಸರಾಸರಿ ಉಷ್ಣಾಂಶವು ಬಹುತೇಕ ಸ್ಥಿರವಾಗಿರುತ್ತದೆ. ಹೊರ ಅಂಚಿನಲ್ಲಿ ನೀರಾವಿ ಕಡಿಮೆ ಇರುವುದರಿಂದ ಉಷ್ಣಾಂಶದ ಏರಿಳಿತ ಹೆಚ್ಚುತ್ತದೆ ಎಂಬುದು ಅವರ ಅಧ್ಯಯನದ ಸಾರವಾಗಿದೆ.

ಇದರಿಂದ ಒಂದು ಮುಖ್ಯ ಅಂಶ ಸ್ಪಷ್ಟವಾಗುತ್ತದೆ. ಬಂದು ಹೋಗುವ ಏರಿಳಿತವನ್ನು ಗ್ರಹದ ಗಾಳಿ ಮತ್ತು ನೀರು ತಡೆದುಕೊಳ್ಳುತ್ತವೆ. ನಿರಂತರವಾಗಿ ಉಳಿಯುವ ಬದಲಾವಣೆಯನ್ನು ತಡೆದುಕೊಳ್ಳಲಾರವು. ಪ್ರತಿ ವರ್ಷ ಬಂದು ಹೋಗುವ ಶೇ. 7ರ ವ್ಯತ್ಯಾಸವನ್ನು ಭೂಮಿಯು ಸಹಿಸುತ್ತಿದೆ. ಆದರೆ ಮಾನವ ಚಟುವಟಿಕೆಗಳಿಂದ 2019ರ ವೇಳೆಗೆ ಭೂಮಿಯ ಶಕ್ತಿ ಸಮತೋಲನದಲ್ಲಿ ಆದ ಒಟ್ಟು ಬದಲಾವಣೆಯು ಪ್ರತಿ ಚದರ ಮೀಟರಿಗೆ ಸುಮಾರು 2.7 ವ್ಯಾಟ್ ಮಾತ್ರ. ಇದು ಭೂಮಿಯು ಸರಾಸರಿಯಾಗಿ ಹೀರಿಕೊಳ್ಳುವ 240 ವ್ಯಾಟ್‌ಗಳ ಶೇ. 1ಕ್ಕಿಂತ ತುಸುವೇ ಹೆಚ್ಚು. ಈ ಅಲ್ಪ ಬದಲಾವಣೆಯು ನಿರಂತರವಾಗಿರುವ ಕಾರಣ 2011ರಿಂದ 2020ರ ಅವಧಿಯಲ್ಲಿ ಭೂಮಿಯ ಸರಾಸರಿ ಉಷ್ಣಾಂಶವು 19ನೇ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ ಸುಮಾರು 1.1 ಡಿಗ್ರಿ ಏರಿತ್ತು. ಈಗಾಗಲೇ ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಯಾದಗಿರಿಯಂತಹ ಪ್ರದೇಶಗಳಿಗೆ ಈ ಏರಿಕೆ ಲಘುವಾದುದಲ್ಲ. ಕೆರೆಗಳ ಸಂರಕ್ಷಣೆ ಮತ್ತು ಮರಗಳ ಪೋಷಣೆಯಿಂದ ಸ್ಥಳೀಯವಾಗಿ ತಾಪವನ್ನು ತಗ್ಗಿಸಬಹುದಾಗಿದೆ.

ಬರಿಗಣ್ಣಿನಿಂದ ನೋಡಬಹುದಾದ ಅವಳಿ ನಕ್ಷತ್ರಗಳು

1. ವಸಿಷ್ಠ ಮತ್ತು ಅರುಂಧತಿ: ಏಪ್ರಿಲ್‌ನಿಂದ ಜೂನ್‌ವರೆಗೆ ರಾತ್ರಿ 9 ಗಂಟೆಯ ಸುಮಾರಿಗೆ ಉತ್ತರ ದಿಕ್ಕಿನಲ್ಲಿ.

2. ಆಲ್ಫಾ ಸೆಂಟಾರಿ: ಮೇ ಕೊನೆಯಲ್ಲಿ ರಾತ್ರಿ ಹತ್ತೂವರೆ ಗಂಟೆಯ ಸುಮಾರಿಗೆ ದಕ್ಷಿಣ ದಿಗಂತದಿಂದ 12 ಡಿಗ್ರಿಯಷ್ಟು ಎತ್ತರದಲ್ಲಿ. ದಕ್ಷಿಣಕ್ಕೆ ಗುಡ್ಡ ಅಥವಾ ಕಟ್ಟಡಗಳಿಲ್ಲದ ಬಯಲಿನಿಂದ ನೋಡಬೇಕು. ಬರಿಗಣ್ಣಿಗೆ ಒಂದೇ ನಕ್ಷತ್ರವಾಗಿ ಕಾಣುತ್ತದೆ, ಚಿಕ್ಕ ದೂರದರ್ಶಕದಲ್ಲಿ ಎರಡಾಗಿ ಕಾಣುತ್ತದೆ.

3. ಆಲ್ಗಾಲ್: ಪಾರ್ಥ ನಕ್ಷತ್ರಪುಂಜದಲ್ಲಿದೆ. ಡಿಸೆಂಬರ್ ತಿಂಗಳ ರಾತ್ರಿಗಳು ಸೂಕ್ತ. ಇದರ ಎರಡು ನಕ್ಷತ್ರಗಳು 2 ದಿನ 21 ಗಂಟೆಗಳಿಗೆ ತುಸು ಮುಂಚೆ ಒಮ್ಮೆ ಪರಸ್ಪರ ಸುತ್ತುವುದರಿಂದ, ಮಂದ ನಕ್ಷತ್ರವು ಪ್ರಕಾಶದ ನಕ್ಷತ್ರವನ್ನು ಮರೆಮಾಡಿದಾಗ ಬೆಳಕು ಮೂರನೇ ಒಂದು ಭಾಗಕ್ಕೆ ಇಳಿಯುವುದನ್ನು ಕಣ್ಣಿನಿಂದಲೇ ಗಮನಿಸಬಹುದು.

ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ನಮ್ಮ ಸೂರ್ಯನಿಗೆ ಕಾಣದ ಜೊತೆಗಾರ ನಕ್ಷತ್ರವಿದೆಯೇ?

ಉತ್ತರ: ಇಂತಹ ನಕ್ಷತ್ರಕ್ಕಾಗಿ ಅವಕೆಂಪು ದೂರದರ್ಶಕಗಳಿಂದ ಇಡೀ ಆಕಾಶವನ್ನು ಶೋಧಿಸಲಾಗಿದ್ದು, ಯಾವುದೂ ದೊರೆತಿಲ್ಲ. ಎರಡನೆಯ ಸೂರ್ಯನು ಬಂದು ಭೂಮಿಯನ್ನು ಸುಡುವನೆಂಬ ವದಂತಿಗಳಿಗೆ ಆಧಾರವಿಲ್ಲ.

ಪ್ರಶ್ನೆ: ಅವಳಿ ನಕ್ಷತ್ರಗಳ ವಿಕಿರಣದಿಂದ ಭೂಮಿಗೆ ತೊಂದರೆ ಇದೆಯೇ?

ಉತ್ತರ: ಇಲ್ಲ. ದೂರದ ವರ್ಗಕ್ಕೆ ಅನುಗುಣವಾಗಿ ವಿಕಿರಣ ಕ್ಷೀಣಿಸುವುದರಿಂದ, ಅತ್ಯಂತ ಸಮೀಪದ ಆಲ್ಫಾ ಸೆಂಟಾರಿಯಿಂದಲೂ ನಮಗೆ ತಲುಪುವುದು ಕಣ್ಣಿಗೆ ಕಾಣುವಷ್ಟು ಬೆಳಕು ಮಾತ್ರ.

ಪ್ರಶ್ನೆ: ಹಗಲಿನಲ್ಲಿ ಸೂರ್ಯನನ್ನು ನೇರವಾಗಿ ವೀಕ್ಷಿಸಬಹುದೇ?

ಉತ್ತರ: ಬರಿಗಣ್ಣಿನಿಂದಾಗಲಿ, ದೂರದರ್ಶಕದಿಂದಾಗಲಿ ಸೂಕ್ತ ಸೌರ ಶೋಧಕವಿಲ್ಲದೆ ನೋಡಬಾರದು. ಕಣ್ಣಿನ ಅಕ್ಷಿಪಟಲಕ್ಕೆ ಶಾಶ್ವತ ಹಾನಿಯಾಗುವ ಸಂಭವವಿರುತ್ತದೆ.

ಸಾರಾಂಶ

ಎರಡು ಸೂರ್ಯರಿರುವುದರಿಂದಲೇ ಗ್ರಹವೊಂದು ಬೆಂಕಿಯ ಉಂಡೆಯಾಗುವುದಿಲ್ಲ. ನಕ್ಷತ್ರಗಳ ಪ್ರಕಾಶ, ಗ್ರಹದ ದೂರ, ವಿಕಿರಣದ ಗುಣ, ನಕ್ಷತ್ರಗಳ ಶಾಂತತೆ ಹಾಗೂ ಗ್ರಹದ ಗಾಳಿ ಮತ್ತು ನೀರು ಇವೆಲ್ಲವೂ ಸೇರಿ ಅಲ್ಲಿನ ಸ್ಥಿತಿಯನ್ನು ನಿರ್ಧರಿಸುತ್ತವೆ. ಶಿಕ್ಷಕರು ಮೇಲ್ಕಂಡ ನಕ್ಷತ್ರಗಳನ್ನು ವಿದ್ಯಾರ್ಥಿಗಳಿಗೆ ಆಕಾಶದಲ್ಲಿ ತೋರಿಸಿ, ವಿಕಿರಣದ ಲೆಕ್ಕಗಳನ್ನು ಅವರಿಂದಲೇ ಮಾಡಿಸುವುದು ಉಪಯುಕ್ತವಾಗಿರುತ್ತದೆ.